ಹೆಸರು ಬರೆಸುವ ಮೇಜು

ಯಾವ ಊರಿನ ಪಂದ್ಯಾವಳಿಯೇ ಆಗಲಿ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬರುವುದು ಒಂದು ಮೇಜು. ಶಾಲೆಯಿಂದಲೋ ಪಂಚಾಯ್ತಿ ಕಚೇರಿಯಿಂದಲೋ ಇಬ್ಬರು ಅದನ್ನು ಹೊತ್ತು ತಂದು ಶಾಮಿಯಾನದ ಕೆಳಗೆ ಇಡುತ್ತಾರೆ. ಮೇಲೊಂದು ಉದ್ದನೆಯ ನೋಟ್‌ಬುಕ್ಕು, ಸ್ಕೇಲು, ಎರಡು ಪೆನ್ನು, ಪ್ರವೇಶ ಶುಲ್ಕ ಹಾಕಲು ಒಂದು ತಗಡಿನ ಡಬ್ಬಿ. ಅಂಕಣಕ್ಕೆ ಸುಣ್ಣದ ಗೆರೆ ಬೀಳುವುದು, ಮೈಕ್ ಪರೀಕ್ಷೆ ಮಾಡುವುದು, ಗಣ್ಯರಿಗೆ ಕುರ್ಚಿ ಹಾಕುವುದು ಎಲ್ಲ ಆಮೇಲೆ. ಮೇಜಿನ ಹಿಂದೆ ಕೂತವರಿಗೆ ಸಂಬಳವಿಲ್ಲ, ಮಧ್ಯಾಹ್ನ ಒಂದು ಪೊಟ್ಟಣ ಚಿತ್ರಾನ್ನ ಸಿಕ್ಕರೆ ಪುಣ್ಯ. ಆದರೆ ಆ ದಿನ ಯಾರು ಆಡಬಹುದು, ಯಾರು ಆಡಬಾರದು ಎಂದು ತೀರ್ಮಾನವಾಗುವುದು ಅಲ್ಲೇ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಕಡೆ ದೈಹಿಕ ಶಿಕ್ಷಣದ ಮೇಷ್ಟ್ರಾಗಿದ್ದ ವರ್ಷಗಳಲ್ಲಿ ನಾನು ಸೀಟಿ ಊದಿದ್ದಕ್ಕಿಂತ ಈ ಮೇಜಿನ ಹಿಂದೆ ಕೂತದ್ದೇ ಹೆಚ್ಚು. ಆಟದ ಚರಿತ್ರೆಯನ್ನು ಗೆದ್ದವರ ಕಡೆಯಿಂದ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಮೇಜಿನ ಕಡೆಯಿಂದ ನೋಡಿದರೆ ಬೇರೆಯದೇ ಚರಿತ್ರೆ ಕಾಣಿಸುತ್ತದೆ. ಗಂಡು, ಹೆಣ್ಣು ಎಂಬ ಎರಡು ಕಾಲಂಗಳಲ್ಲಿ ಹಿಡಿಯದವರು, ಯಾರನ್ನು ಪ್ರೀತಿಸುತ್ತೇವೆಂದು ಮನೆಯಲ್ಲೂ ಬಾಯಿಬಿಡಲಾಗದವರು ಹೆಸರು ಬರೆಸಲು ಬಂದಾಗ ಅವರನ್ನು ಏನು ಕೇಳಲಾಯಿತು, ಕೇಳಿದವರು ಯಾರು ಎಂಬ ಚರಿತ್ರೆ ಅದು.

ಮೊದಲು ನಮ್ಮ ಕಡೆಯ ಮಾತು. ಈ ನಾಲ್ಕು ತಾಲ್ಲೂಕುಗಳು ಒಂದೇ ಜಿಲ್ಲೆಯವಾಗಿ ಬಹಳ ಕಾಲವೇನೂ ಆಗಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಇನ್ನೂ ಈಚೆಗೆ. ಚನ್ನಗಿರಿಯ ಅಡಿಕೆ ತೋಟಕ್ಕೂ ಜಗಳೂರಿನ ಬರದ ನೆಲಕ್ಕೂ ಹೋಲಿಕೆಯಿಲ್ಲ. ಆಟ ನಡೆಸುವ ರೀತಿ ಮಾತ್ರ ಎಲ್ಲ ಕಡೆ ಒಂದೇ. ಜಾತ್ರೆಗೆ ಬಯಲು ಕುಸ್ತಿ, ಬೇಸಿಗೆಗೆ ಹೊನಲು ಬೆಳಕಿನ ಕಬಡ್ಡಿ, ಗಣಪತಿ ಹಬ್ಬಕ್ಕೆ ವಾಲಿಬಾಲ್. ಚಂದಾ ಎತ್ತುವವರು, ಗೆರೆ ಹಾಕುವವರು, ನೀರಿನ ಡ್ರಮ್ಮು ತುಂಬಿಸುವವರು ಎಲ್ಲ ಊರಿನ ಯುವಕರೇ. ಕುಸ್ತಿಯಲ್ಲಿ ಹಿರಿಯ ಪೈಲ್ವಾನರು ಹುಡುಗರ ಮೈಕಟ್ಟು ನೋಡಿ ಜೋಡಿ ಹಚ್ಚುತ್ತಾರೆ. ಕಬಡ್ಡಿಯಲ್ಲಿ ತೂಕ ನೋಡುತ್ತಾರೆ. ಶಾಲೆಯ ಕ್ರೀಡಾಕೂಟವಾದರೆ ಹೋಬಳಿಯಿಂದ ರಾಜ್ಯದವರೆಗೆ ಹುಟ್ಟಿದ ತಾರೀಖಿಗೆ ಮುಖ್ಯೋಪಾಧ್ಯಾಯರ ಸಹಿ ಬೇಕು. ಪ್ರತಿ ಮೇಜಿಗೂ ಅದರದೇ ಪ್ರಶ್ನೆಗಳಿವೆ. ಎಲ್ಲ ಮೇಜೂ ಕೇಳದೆಯೇ ಬರೆದುಕೊಳ್ಳುವ ಉತ್ತರ ಒಂದಿದೆ: ಬಾಲಕ ಅಥವಾ ಬಾಲಕಿ.

ಹಾಗೆಂದು ಈ ಎರಡರ ನಡುವಿನವರು ನಮ್ಮ ಊರುಗಳಿಗೆ ಹೊಸಬರಲ್ಲ. ಮಂಗಳವಾರ, ಶುಕ್ರವಾರ ಪಡಲಿಗೆ ಹಿಡಿದು ಜೋಗಕ್ಕೆ ಬರುವ ಜೋಗಪ್ಪಗಳನ್ನು ಕಂಡೇ ನಾವು ಬೆಳೆದವರು. ಗಂಡಾಗಿ ಹುಟ್ಟಿ, ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟವರು ಅವರು. ಜಗಳೂರಿನ ಕಡೆಯವರು ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ ಹೋದರೆ ಭಂಡಾರ ಹಚ್ಚಿಕೊಂಡು, ಚೌಡಿಕೆ ನುಡಿಸುತ್ತ ಹತ್ತುವ ಜೋಗತಿಯರನ್ನು ನೋಡುತ್ತಾರೆ. ಮನೆಯ ಹೆಂಗಸರು ಅವರ ಕಾಲಿಗೆ ಬೀಳುತ್ತಾರೆ, ಮಗುವಿನ ಹಣೆಗೆ ಅವರ ಕೈಯಿಂದ ಭಂಡಾರ ಹಚ್ಚಿಸುತ್ತಾರೆ. ಅದೇ ಜಾತ್ರೆಯ ಮಧ್ಯಾಹ್ನ ಕುಸ್ತಿ ಕಣದಲ್ಲಾಗಲಿ ಕಬಡ್ಡಿ ಅಂಕಣದಲ್ಲಾಗಲಿ ಅವರನ್ನು ನಾನು ಕಂಡಿಲ್ಲ. ಬೆಳಿಗ್ಗೆ ದೇವರ ಹತ್ತಿರ ಇದ್ದ ಜಾಗ ಸಂಜೆ ಮೈದಾನದಲ್ಲಿ ಇರುವುದಿಲ್ಲ.

ಮಂಜಮ್ಮ ಜೋಗತಿಯವರ ಕತೆ ಈ ಜಿಲ್ಲೆಗೆ ಹತ್ತಿರದ್ದು. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿ, ಮನೆ ಬಿಟ್ಟು, ಬೇಡಿ ಬದುಕುತ್ತಿದ್ದ ದಿನಗಳಲ್ಲಿ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ತಂದೆ ಹಾಡುತ್ತಿದ್ದುದನ್ನೂ ಮಗ ಕೊಡ ಹೊತ್ತು ಕುಣಿಯುತ್ತಿದ್ದುದನ್ನೂ ನೋಡಿ ಅವರಿಂದಲೇ ಜೋಗತಿ ನೃತ್ಯ ಕಲಿತದ್ದನ್ನು ಅವರು ಹಲವು ಕಡೆ ಹೇಳಿಕೊಂಡಿದ್ದಾರೆ. ಮುಂದೆ ಕಾಳವ್ವ ಜೋಗತಿಯ ಮೇಳ ಸೇರಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿಗಳ ಮುಂದೆ ಸೆರಗಿನಿಂದ ದೃಷ್ಟಿ ತೆಗೆದ ಅವರ ಚಿತ್ರ ನಾಡೆಲ್ಲ ನೋಡಿತು. ಕಲೆಯ ವೇದಿಕೆ ಕಷ್ಟಪಟ್ಟಾದರೂ ಜಾಗ ಬಿಟ್ಟುಕೊಟ್ಟಿದೆ. ಆಟದ ಮೈದಾನದ ಹತ್ತಿರ ಅಂಥ ಕತೆ ಇನ್ನೂ ಇಲ್ಲ.

ಈ ಜನರ ಹೆಸರನ್ನು ಸರ್ಕಾರ ಬರೆದುಕೊಂಡಿಲ್ಲವೆಂದಲ್ಲ, ಬರೆದುಕೊಂಡದ್ದು ಬೇರೆ ಪುಸ್ತಕದಲ್ಲಿ. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗ ಇವರಿಗೆಂದೇ ಇತ್ತು. ಹೆಸರು, ವಾಸಸ್ಥಳ, ಆಸ್ತಿ ಎಲ್ಲ ರಿಜಿಸ್ಟರಿನಲ್ಲಿರಬೇಕು. ಸೀರೆಯುಟ್ಟು ಬೀದಿಗೆ ಬಂದರೆ, ಹಾಡಿ ಕುಣಿದರೆ ಶಿಕ್ಷೆ. ಸ್ವಾತಂತ್ರ್ಯ ಬಂದ ಮೇಲೆ ಆ ಕಾಯ್ದೆ ಹೋಯಿತು, ಅದರ ನೆರಳು ಹೋಗಲಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿತು. ಗಂಡುಮಕ್ಕಳ ಅಪಹರಣದಂಥ ಅಪರಾಧದ ಶಂಕೆಯ ಹೆಸರಿನಲ್ಲಿ ಇವರ ಹೆಸರು, ವಿಳಾಸದ ರಿಜಿಸ್ಟರು ಇಡಲು ಪೊಲೀಸ್ ಕಮಿಷನರಿಗೆ ಅಧಿಕಾರ ಕೊಟ್ಟಿತು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ 2016ರಲ್ಲಿ ಆ ಕಲಮಿನ ಪದ ಬದಲಾಯಿತು. ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಒಳಗೆ ಸೇರಿಸಿಕೊಂಡಂತೆ ಎಂದುಕೊಳ್ಳುವವರು ಈ ಎರಡು ರಿಜಿಸ್ಟರುಗಳನ್ನು ನೆನೆಯಬೇಕು. ಹೆಸರು ಯಾತಕ್ಕೆ ಬರೆದುಕೊಳ್ಳುತ್ತಾರೆ ಎಂಬುದೂ ಮುಖ್ಯ.

ಆಟದ ಲೋಕದ ದೊಡ್ಡ ಮೇಜುಗಳೂ ಇದಕ್ಕಿಂತ ಮೆದುವಾಗಿರಲಿಲ್ಲ. 1966ರಲ್ಲಿ ಬುಡಾಪೆಸ್ಟಿನ ಯುರೋಪಿಯನ್ ಅಥ್ಲೆಟಿಕ್ಸ್ ಕೂಟದಲ್ಲಿ ಓಡಲು ಬಂದ ಹೆಂಗಸರು ಹೆಂಗಸರೇ ಹೌದೆಂದು ತೋರಿಸಲು ವೈದ್ಯರ ಮುಂದೆ ಬಟ್ಟೆ ಬಿಚ್ಚಿ ನಿಲ್ಲಬೇಕಾಯಿತು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಅದರ ಬದಲು ಕ್ರೋಮೋಸೋಮ್ ಪರೀಕ್ಷೆ ಬಂತು. ಎಲ್ಲ ಹೆಂಗಸರಿಗೂ ಮಾಡುತ್ತಿದ್ದ ಆ ಪರೀಕ್ಷೆಯನ್ನು ಒಲಿಂಪಿಕ್ ಸಮಿತಿ 1999ರಲ್ಲಿ ಕೈಬಿಟ್ಟಿತು. ಆದರೆ ‘ಅನುಮಾನ ಬಂದರೆ’ ಎಂಬ ಬಾಗಿಲು ತೆರೆದೇ ಇತ್ತು. ಆ ಬಾಗಿಲಿನಲ್ಲಿ ಸಿಕ್ಕಿಕೊಂಡವರು ಪುದುಕೋಟೈ ಕಡೆಯ ಬಡ ಮನೆಯ ಶಾಂತಿ ಸೌಂದರರಾಜನ್. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ 800 ಮೀಟರ್ ಓಟದಲ್ಲಿ ಗೆದ್ದ ಬೆಳ್ಳಿಯನ್ನು ಪರೀಕ್ಷೆಯ ನಂತರ ಕಿತ್ತುಕೊಳ್ಳಲಾಯಿತು. ಮುಂದೊಂದು ಕಾಲ ಅವರು ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡಿದರು. 2014ರಲ್ಲಿ ಒಡಿಶಾದ ದ್ಯುತಿ ಚಂದ್ ಅವರನ್ನು ದೇಹದ ಹಾರ್ಮೋನಿನ ಕಾರಣಕ್ಕೆ ತಂಡದಿಂದ ಕೈಬಿಟ್ಟಾಗ ಅವರು ಸುಮ್ಮನಾಗಲಿಲ್ಲ. ಕ್ರೀಡೆಗಳ ಅಂತರರಾಷ್ಟ್ರೀಯ ನ್ಯಾಯಮಂಡಳಿಗೆ ಹೋದರು. 2015ರಲ್ಲಿ ಆ ನಿಯಮಕ್ಕೆ ತಡೆ ಬಿತ್ತು. ಮರುವರ್ಷ ರಿಯೊದಲ್ಲಿ ಓಡಿದರು. 2019ರಲ್ಲಿ ತಮ್ಮ ಸಂಗಾತಿ ಒಬ್ಬ ಹೆಣ್ಣು ಎಂದು ಬಹಿರಂಗವಾಗಿ ಹೇಳಿದರು. ಆದರೆ ಮೇಜು ಮತ್ತೆ ತಿರುಗಿದೆ. ವಿಶ್ವ ಮಟ್ಟದಲ್ಲಿ ಮಹಿಳೆಯರ ವಿಭಾಗದಲ್ಲಿ ಓಡುವವರಿಗೆ 2025ರ ಸೆಪ್ಟೆಂಬರಿನಿಂದ ಜೀನ್ ಪರೀಕ್ಷೆ ಕಡ್ಡಾಯವಾಗಿದೆ.

ಇದೆಲ್ಲ ದೋಹಾ, ಮೆಕ್ಸಿಕೊಗಳ ಮಾತು ಎನ್ನುವಂತಿಲ್ಲ. ನ್ಯಾಮತಿ ಕಡೆಯ ಒಂದು ಕೂಟದಲ್ಲಿ ಬಾಲಕಿಯರ ವಾಲಿಬಾಲ್ ಶುರುವಾಗುವ ಹೊತ್ತಿಗೆ ಎದುರು ತಂಡದ ಮೇಷ್ಟ್ರೊಬ್ಬರು ಮೇಜಿಗೆ ಬಂದರು. ಕೂದಲು ಗಿಡ್ಡ ಕತ್ತರಿಸಿಕೊಂಡ, ದನಿ ಒರಟಾದ, ಚೆಂಡು ಹೊಡೆದರೆ ನೆಲ ನಡುಗಿಸುತ್ತಿದ್ದ ಹುಡುಗಿಯೊಬ್ಬಳ ಕಡೆ ಕೈ ತೋರಿಸಿ, “ಅದು ಹೆಣ್ಣುಡುಗಿ ಅಂತ ಏನ್ ಗ್ಯಾರಂಟಿ? ಚೆಕ್ ಮಾಡ್ಸಿ” ಅಂದರು. ನನ್ನ ಪಕ್ಕ ಕೂತು ಪಟ್ಟಿ ಬರೆಯುತ್ತಿದ್ದ ಹಿರಿಯ ಮೇಡಂ ತಲೆ ಎತ್ತಲಿಲ್ಲ. “ಏನ್ ಚೆಕ್ ಮಾಡ್ಬೇಕಿತ್ತು ಮೇಷ್ಟ್ರೇ? ಶಾಲೆ ದಾಖಲಾತೀಲಿ ಹೆಸರೈತೆ, ಹುಟ್ಟಿದ ತಾರೀಖೈತೆ. ನಿಮ್ ಹುಡುಗೀರ್ನ ಕರ್ಕಂಡ್ ಬರ್ರಿ, ಆಟ ಶುರು ಮಾಡಣ” ಅಂದರು. ಆ ಹುಡುಗಿಗೆ ಈ ಮಾತು ಕೇಳಿಸಿತೋ ಇಲ್ಲವೋ. ಅವಳು ಆಡಿದಳು, ಅವಳ ತಂಡ ಸೋತಿತು, ಎಲ್ಲ ಮಕ್ಕಳಂತೆ ಅತ್ತು ಊಟಕ್ಕೆ ಹೋದಳು. ಸೋತು ಅಳುವ ಹಕ್ಕು ಉಳಿಸಿಕೊಟ್ಟವರು ಯಾವ ನ್ಯಾಯಮಂಡಳಿಯೂ ಅಲ್ಲ, ಚಿತ್ರಾನ್ನದ ಪೊಟ್ಟಣಕ್ಕೆ ಕೂತಿದ್ದ ಒಬ್ಬ ಮೇಡಂ.

ಹೊರಗೆ ನಿಲ್ಲಿಸಿಕೊಂಡವರೇ ಒಂದು ಮೇಜು ಹಾಕಿದರೆ ಏನಾಗುತ್ತದೆ? ಕೆಲವರು ಹಾಗೂ ಮಾಡಿದರು. ಹೆಂಗಸರಿಗೆ ಕ್ರೋಮೋಸೋಮ್ ಪರೀಕ್ಷೆ ಶುರುವಾದ ಅದೇ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಟಾಮ್ ವಾಡೆಲ್ ಎಂಬ ಅಮೆರಿಕನ್ ವೈದ್ಯ ಡೆಕಾಥ್ಲಾನ್‌ನಲ್ಲಿ ಆರನೆಯವರಾಗಿ ಬಂದಿದ್ದರು. ಸಲಿಂಗಿಯಾಗಿದ್ದ ಅವರೂ ಗೆಳೆಯರೂ ಸೇರಿ 1982ರ ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ಕ್ರೀಡಾಕೂಟ ನಡೆಸಿದರು. ‘ಗೇ ಒಲಿಂಪಿಕ್ಸ್’ ಎಂದು ಹೆಸರಿಟ್ಟಿದ್ದರು. ಕೂಟಕ್ಕೆ ಕೆಲವೇ ವಾರ ಉಳಿದಿದ್ದಾಗ ಅಮೆರಿಕದ ಒಲಿಂಪಿಕ್ ಸಮಿತಿ ಕೋರ್ಟಿನಿಂದ ತಡೆ ತಂದಿತು. ಎಷ್ಟೋ ಕೂಟಗಳಿಗೆ ಬಿಟ್ಟುಕೊಟ್ಟಿದ್ದ ಆ ಪದ ಇವರಿಗೆ ಮಾತ್ರ ದಕ್ಕಲಿಲ್ಲ. ‘ಗೇ ಗೇಮ್ಸ್’ ಎಂಬ ಹೆಸರಿನಲ್ಲಿ ಕೂಟ ನಡೆಯಿತು. ಸುಮಾರು 1,350 ಮಂದಿ ಆಡಿದರು. ಇಷ್ಟು ಸೆಕೆಂಡಿನಲ್ಲಿ ಓಡಿರಬೇಕು, ಇಷ್ಟು ಮೀಟರು ಎಸೆದಿರಬೇಕು ಎಂಬ ಅರ್ಹತೆಯ ಮಟ್ಟವನ್ನೇ ಇಟ್ಟಿರಲಿಲ್ಲ. ಬಂದವರ ಹೆಸರು ಬರೆದುಕೊಂಡವರು, ಊರಿಗೆ ಹೊಸಬರನ್ನು ಮನೆಯಲ್ಲಿ ಮಲಗಿಸಿಕೊಂಡವರು, ಗಡಿಯಾರ ಹಿಡಿದು ನಿಂತವರು ಎಲ್ಲ ಸ್ವಯಂಸೇವಕರೇ. ಒಲಿಂಪಿಕ್ ಪದದ ಮೊಕದ್ದಮೆ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ 1987ರ ಜೂನ್‌ನಲ್ಲಿ ವಾಡೆಲ್ ಅವರ ಕಡೆ ಸೋತಿತು. ಏಡ್ಸ್‌ನಿಂದ ನರಳುತ್ತಿದ್ದ ಅವರು ಮುಂದಿನ ತಿಂಗಳೇ ತೀರಿಕೊಂಡರು. ಅವರು ಹಾಕಿದ ಮೇಜು ಉಳಿಯಿತು. 2023ರಲ್ಲಿ ಹಾಂಕಾಂಗಿನವರೆಗೂ ಬಂತು.

ಅದೇ ದಾರಿಯಲ್ಲಿ ಹುಟ್ಟಿದ್ದು ಫ್ಲ್ಯಾಗ್ ಫುಟ್‌ಬಾಲ್ ಕೂಟಗಳು. ನಾನು ಕೆಲಸ ಮಾಡಿದ ನಾಲ್ಕು ತಾಲ್ಲೂಕುಗಳಲ್ಲಿ ಈ ಆಟ ಕಂಡಿಲ್ಲವಾದ್ದರಿಂದ ಎರಡು ಮಾತು ಹೇಳುತ್ತೇನೆ. ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಹಿಡಿದು ಓಡುವವನನ್ನು ಮೇಲೆ ಬಿದ್ದು ಕೆಡವಬೇಕು. ಫ್ಲ್ಯಾಗ್ ಫುಟ್‌ಬಾಲಿನಲ್ಲಿ ಓಡುವವನ ಸೊಂಟದ ಬೆಲ್ಟಿಗೆ ಬಟ್ಟೆಯ ಪಟ್ಟಿಗಳನ್ನು ಸಿಕ್ಕಿಸಿರುತ್ತಾರೆ, ಅದನ್ನು ಕಿತ್ತರೆ ಸಾಕು, ಓಟ ಅಲ್ಲಿಗೆ ನಿಂತಿತು. 1940ರ ದಶಕದಲ್ಲಿ ಅಲ್ಲಿನ ಸೈನಿಕ ಶಿಬಿರಗಳಲ್ಲಿ, ಸಿಪಾಯಿಗಳು ಕೈಕಾಲು ಮುರಿದುಕೊಳ್ಳದೆ ಆಡಲಿ ಎಂದು ಹಬ್ಬಿದ ಆಟವಿದು. 2002ರಲ್ಲಿ ಎಲ್‌ಜಿಬಿಟಿ ಸಮುದಾಯದ ಹವ್ಯಾಸಿ ಆಟಗಾರರು ‘ನ್ಯಾಷನಲ್ ಗೇ ಫ್ಲ್ಯಾಗ್ ಫುಟ್‌ಬಾಲ್ ಲೀಗ್’ ಕಟ್ಟಿದರು, ಅದೇ ವರ್ಷ ಲಾಸ್ ಏಂಜಲೀಸಿನಲ್ಲಿ ಮೊದಲ ‘ಗೇ ಬೌಲ್’ ನಡೆಯಿತು. ಇಂದು ಇಪ್ಪತ್ತಕ್ಕೂ ಹೆಚ್ಚು ನಗರಗಳ ಲೀಗುಗಳು ಅದರಲ್ಲಿವೆ. ಅಲ್ಲಿನ ಶಾಲೆಗಳಲ್ಲಿ ಗಂಡಸುತನದ ಪರೀಕ್ಷೆಯೆಂದರೆ ಫುಟ್‌ಬಾಲ್. ಆ ಮೈದಾನದಲ್ಲಿ ಹೀಯಾಳಿಕೆ ಕೇಳಿ ಓಡಿಹೋದ ಹುಡುಗರು ಮೂವತ್ತು, ನಲವತ್ತರ ವಯಸ್ಸಿನಲ್ಲಿ ಅದೇ ಆಟಕ್ಕೆ ಹಿಂತಿರುಗಿದ್ದು ಆಟದ ಮೋಹಕ್ಕೆ ಮಾತ್ರ ಆಗಿರಲಾರದು. ವಾರದ ಕೊನೆಯಲ್ಲಿ ಬೆಲ್ಟು ಹಂಚುವವರು, ಗೆರೆ ಎಳೆಯುವವರು, ಆಟ ಬಾರದವರಿಗೆ ಕಲಿಸುವವರು ಅವರವರೇ. 2023ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ಸೇರಿದ್ದ ಒಲಿಂಪಿಕ್ ಸಮಿತಿಯ ಸಭೆ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ಟಿನ ಜೊತೆಯಲ್ಲೇ ಫ್ಲ್ಯಾಗ್ ಫುಟ್‌ಬಾಲನ್ನೂ ಸೇರಿಸಿತು. ನಮ್ಮ ಪತ್ರಿಕೆಗಳಲ್ಲಿ ಕ್ರಿಕೆಟ್ಟಿನ ಸಂಭ್ರಮದ ಅಬ್ಬರಕ್ಕೆ ಈ ಇನ್ನೊಂದು ಹೆಸರು ಕಣ್ಣಿಗೇ ಬೀಳಲಿಲ್ಲ.

ಹೊರಗಿದ್ದವರು ಹಾಕಿದ ಮೇಜು ಯಾವತ್ತೂ ನ್ಯಾಯದ ಮೇಜೇ ಆಗಿರುತ್ತದೆ ಎಂದೇನಿಲ್ಲ. 2008ರಲ್ಲಿ ಸಿಯಾಟಲ್ ನಗರದಲ್ಲಿ ಸಲಿಂಗಿಗಳ ಸಾಫ್ಟ್‌ಬಾಲ್ ವಿಶ್ವ ಸರಣಿ ನಡೆಯಿತು. ಒಂದು ತಂಡದಲ್ಲಿ ಸಲಿಂಗಿಗಳಲ್ಲದವರು ಇಬ್ಬರಿಗಿಂತ ಹೆಚ್ಚು ಇರಕೂಡದೆಂಬ ನಿಯಮವಿತ್ತು. ತಮ್ಮವರಿಗೆಂದೇ ಇರುವ ಜಾಗವನ್ನು ಉಳಿದವರು ಆಕ್ರಮಿಸಬಾರದು ಎಂಬ ಕಾಳಜಿ ಅದರ ಹಿಂದೆ ಇದ್ದದ್ದು ಸುಳ್ಳಲ್ಲ. ಆದರೆ ಅಂತಿಮ ಪಂದ್ಯ ತಲುಪಿದ ತಂಡವೊಂದರ ಮೇಲೆ ದೂರು ಬಂದಾಗ ಆಟಗಾರರನ್ನು ಒಬ್ಬೊಬ್ಬರಾಗಿ ಕೋಣೆಗೆ ಕರೆದು, ಹಲವರ ಎದುರು ಕೂರಿಸಿ, ನೀನು ಯಾರನ್ನು ಬಯಸುತ್ತೀಯ ಎಂದು ಕೇಳಲಾಯಿತು. ಆಮೇಲೆ ಕೂತವರು ಮತ ಹಾಕಿ ಮೂವರನ್ನು ಸಲಿಂಗಿಗಳಲ್ಲ ಎಂದು ತೀರ್ಮಾನಿಸಿದರು, ತಂಡ ಅನರ್ಹವಾಯಿತು. ಗಂಡು, ಹೆಣ್ಣು ಇಬ್ಬರನ್ನೂ ಪ್ರೀತಿಸುವವರಿಗೆ ಆ ಮೇಜಿನಲ್ಲಿ ಕಾಲಂ ಇರಲಿಲ್ಲ. ಮೊಕದ್ದಮೆ 2011ರಲ್ಲಿ ರಾಜಿಯಾಯಿತು. ಸಂಸ್ಥೆ ಆ ತಂಡದ ಎರಡನೆಯ ಸ್ಥಾನವನ್ನು ಒಪ್ಪಿಕೊಂಡಿತು, ನಿಯಮವೂ ಸಡಿಲವಾಯಿತು. ಬುಡಾಪೆಸ್ಟಿನ ಕೋಣೆಯೂ ಸಿಯಾಟಲ್ಲಿನ ಕೋಣೆಯೂ ಬೇರೆ ಬೇರೆ ಉದ್ದೇಶಕ್ಕೆ ತೆರೆದವು. ಕೇಳಿದ ಪ್ರಶ್ನೆ ಮಾತ್ರ ಒಂದೇ: ನೀನು ಅದೇ ಎಂದು ರುಜುವಾತು ಮಾಡು.

ನಮ್ಮ ದೇಶದಲ್ಲಿ ಈ ಮೇಜುಗಳು ಈಗೀಗ ಬರುತ್ತಿವೆ. 2017ರಲ್ಲಿ ಕೇರಳದ ಕ್ರೀಡಾ ಪರಿಷತ್ತು ತಿರುವನಂತಪುರದಲ್ಲಿ ತೃತೀಯ ಲಿಂಗಿಗಳಿಗಾಗಿಯೇ ಕ್ರೀಡಾಕೂಟ ನಡೆಸಿತು. ಮಣಿಪುರದಲ್ಲಿ ಹೋಳಿಯ ಹೊತ್ತಿಗೆ ಬರುವ ಯಾವೋಶಾಂಗ್ ಹಬ್ಬಕ್ಕೆ ಕೇರಿ ಕೇರಿಯ ಕ್ಲಬ್ಬುಗಳು ಆಟದ ಕೂಟ ಮಾಡುತ್ತವೆ, ನಮ್ಮ ಜಾತ್ರೆಯ ಕುಸ್ತಿಯ ಹಾಗೆ. ಅಲ್ಲಿ ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರು ಎರಡು ಕಡೆಗೂ ಸಲ್ಲದೆ ದಂಡೆಯಲ್ಲಿ ಉಳಿಯುತ್ತಿದ್ದರು. ಇಂಫಾಲದ ‘ಯಾ ಆಲ್’ ಸಂಸ್ಥೆ 2020ರಲ್ಲಿ ಅವರದೇ ಫುಟ್‌ಬಾಲ್ ತಂಡ ಕಟ್ಟಿತು. ಕರ್ನಾಟಕದಲ್ಲಿ ಬದಲಾವಣೆ ಬಂದದ್ದು ನೌಕರಿಯ ಅರ್ಜಿಯಿಂದ. ರಾಜ್ಯದ ವಿಶೇಷ ಮೀಸಲು ಪೊಲೀಸ್ ಪಡೆಯ ನೇಮಕಾತಿಗೆ ಗಂಡಸರು, ಹೆಂಗಸರು ಮಾತ್ರ ಅರ್ಜಿ ಹಾಕಬಹುದು ಎಂದಿದ್ದನ್ನು ಬೆಂಗಳೂರಿನ ‘ಸಂಗಮ’ ಸಂಸ್ಥೆ ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2021ರಲ್ಲಿ ಸರ್ಕಾರ ನೇಮಕಾತಿ ನಿಯಮಕ್ಕೆ ತಿದ್ದುಪಡಿ ತಂದು ಎಲ್ಲ ವರ್ಗಗಳಲ್ಲೂ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟಿತು. ಅರ್ಜಿಯಲ್ಲಿ ಪುರುಷ, ಮಹಿಳೆಯ ಜೊತೆಗೆ ‘ಇತರೆ’ ಎಂಬ ಮೂರನೆಯ ಕಾಲಂ ಇರಬೇಕೆಂದಿತು. ವಿಧಾನಸೌಧದ ಮೇಜಿಗೆ ಬಂದ ಆ ಕಾಲಂ ನಮ್ಮ ಕಬಡ್ಡಿ ಪಂದ್ಯಾವಳಿಯ ನೋಟ್‌ಬುಕ್ಕಿಗೆ ಇನ್ನೂ ಇಳಿದಿಲ್ಲ.

ಇಳಿಸಲು ಏನು ಮಾಡಬೇಕು ಎಂದು ಯುವಕ ಸಂಘದ ಹುಡುಗರು ನನ್ನನ್ನು ಕೇಳಿದರೆ ನಾನು ಹಳೆಯ ಕತೆಯೊಂದನ್ನು ಹೇಳುತ್ತೇನೆ. 1923ರಲ್ಲಿ ಹುಬ್ಬಳ್ಳಿಯ ನಾ.ಸು. ಹರ್ಡೀಕರರು ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಮರುವರ್ಷ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಸ್ವಯಂಸೇವಕರು ಬೇಕಿತ್ತು. ಮಹಿಳಾ ವಿಭಾಗ ನೋಡಿಕೊಳ್ಳುತ್ತಿದ್ದ ಉಮಾಬಾಯಿ ಕುಂದಾಪುರ ಅವರು ಊರೂರು ತಿರುಗಿ ನೂರಕ್ಕೂ ಹೆಚ್ಚು ಹೆಂಗಸರನ್ನು ಕರೆತಂದರು. ಉಮಾಬಾಯಿ ಸ್ವತಃ ವಿಧವೆ, ಬಂದವರಲ್ಲೂ ವಿಧವೆಯರಿದ್ದರು. ಶುಭಕಾರ್ಯಕ್ಕೆ ಎದುರು ಬರಕೂಡದು ಎನ್ನಿಸಿಕೊಂಡವರು ದೇಶದ ದೊಡ್ಡ ಸಭೆಯ ಬಾಗಿಲಲ್ಲಿ ನಿಂತು, ಬಂದವರಿಗೆ ದಾರಿ ತೋರಿಸಿದರು. ಪಾಪ ಎಂದು ಅವರನ್ನು ಒಳಗೆ ಬಿಟ್ಟುಕೊಂಡದ್ದಲ್ಲ. ಬಾಗಿಲಿನ ಕೆಲಸವನ್ನೇ ಅವರ ಕೈಗೆ ಕೊಟ್ಟದ್ದು.

ಒಳಗೊಳ್ಳುವುದು ಎಂದರೆ ಹೊರಗಿದ್ದವರನ್ನು ಆಡಲು ಕರೆಯುವುದಷ್ಟೇ ಎಂದು ನಾವು ತಿಳಿದಿದ್ದೇವೆ. ಕರೆಯುವ ಅಧಿಕಾರ ಆಗಲೂ ನಮ್ಮ ಕೈಯಲ್ಲೇ ಉಳಿಯುತ್ತದೆ. ಹೊನ್ನಾಳಿಯ ಜಾತ್ರೆ ಪಂದ್ಯಾವಳಿಯಲ್ಲಿ ಪಟ್ಟಿ ಬರೆಯುವ ಜಾಗದಲ್ಲಿ ಜೋಗತಿಯೊಬ್ಬರು ಕೂತಿದ್ದರೆ, ಒರಟು ದನಿಯ ಹುಡುಗಿಯನ್ನೋ ಮೆದು ನಡಿಗೆಯ ಹುಡುಗನನ್ನೋ ತೋರಿಸಿ ‘ಚೆಕ್ ಮಾಡ್ಸಿ’ ಎನ್ನಲು ಎಷ್ಟು ಜನರಿಗೆ ಬಾಯಿ ಬಂದೀತು? ಮೈಕಿನಲ್ಲಿ ವೀಕ್ಷಕ ವಿವರಣೆ ಕೊಡುವವನು ಸೋತ ತಂಡಕ್ಕೆ ‘ಬಳೆ ತೊಟ್ಕೊಳ್ರಿ’ ಎಂದು ಕೂಗುವ ಮೊದಲು ಬಳೆ ತೊಟ್ಟು ಪಕ್ಕದಲ್ಲೇ ಕೂತ ಆ ಕೈಯನ್ನು ನೋಡಬೇಕಾಗುತ್ತದೆ. ಬೆಳಿಗ್ಗೆ ಅದೇ ಕೈಯಿಂದ ಹಣೆಗೆ ಭಂಡಾರ ಹಚ್ಚಿಸಿಕೊಂಡವನೂ ಅವನೇ.

ಉಳಿದದ್ದೆಲ್ಲ ಸಣ್ಣ ಕೆಲಸ. ಬಟ್ಟೆ ಬದಲಿಸಲು ಚಿಲಕ ಹಾಕಿಕೊಳ್ಳಬಹುದಾದ ಒಂದು ಶಾಲಾ ಕೋಣೆ. ಆಟಗಾರರು ಹೇಳಿದ ಹೆಸರನ್ನೇ ಬರೆಯುವುದು, ಮೈಕಿನಲ್ಲೂ ಅದನ್ನೇ ಕೂಗುವುದು. ಯಾರ ಮೇಲಾದರೂ ತಕರಾರು ಬಂದರೆ ಅದನ್ನು ಮೈದಾನದ ನಡುವೆ ವಿಚಾರಿಸದೆ ಮೇಜಿನಲ್ಲೇ ಮುಗಿಸುವುದು. ಚಂದಾ ಹಣದಲ್ಲಿ ಇದಕ್ಕೆಂದು ಒಂದು ರೂಪಾಯಿಯನ್ನೂ ಎತ್ತಿಡಬೇಕಾಗಿಲ್ಲ. ಬರುವ ಬೇಸಿಗೆಗೆ ಮತ್ತೆ ಮೇಜು ಬರುತ್ತದೆ, ಅದರ ಮೇಲೆ ಸ್ಕೇಲೂ ಇರುತ್ತದೆ. ಪುಟದಲ್ಲಿ ಇನ್ನೊಂದು ಗೆರೆ ಎಳೆಯಲು ಜಾಗವಿದೆ, ಮೇಜಿನ ಹಿಂದೆ ಇನ್ನೊಂದು ಕುರ್ಚಿಗೂ ಜಾಗವಿದೆ.